ಚಪ್ಪರದ ಫಲ: ಕ್ರೈಸ್ತ ವಿವಾಹ ಮತ್ತು 1704ರ ಆಜ್ಞೆ

ನಮ್ಮ ನಾಡಿನಲ್ಲಿ ಕ್ರೈಸ್ತರ ಮದುವೆಮನೆಯ ಚಪ್ಪರವೂ ಬಹುಮಟ್ಟಿಗೆ ನೆರೆಯವರ ಚಪ್ಪರದಂತೆಯೇ ಇರುತ್ತದೆ. ಕಂಬಕ್ಕೆ ಗೊನೆಸಹಿತವಾದ ಬಾಳೆ, ಮೇಲೆ ಮಾವಿನ ತೋರಣ, ಕೆಲವೆಡೆ ಎಳನೀರು ಹಾಗೂ ಅಡಿಕೆಯ ಗೊನೆಗಳು. ಇವು ದೇವಾಲಯದ ಬಾಗಿಲಿಗೂ ಬರಬಹುದೇ ಎಂಬ ಪ್ರಶ್ನೆಯನ್ನು ಸಭಾಪಾಲಕರು ಒಂದಲ್ಲ ಒಂದು ದಿನ ಎದುರಿಸುತ್ತಾರೆ. ಅದಕ್ಕೆ ಉತ್ತರ ಹೇಳುವ ಮೊದಲು, ಈ ಪ್ರಶ್ನೆಗೆ ಮುನ್ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ ಎಂಬುದನ್ನು ನಾವು ನೆನೆಯಬೇಕು.

ಫಲವನ್ನು ಅಲಂಕಾರವಾಗಿ ಬಳಸುವುದು ಸತ್ಯವೇದಕ್ಕೆ ಅಪರಿಚಿತವಲ್ಲ. ಮಹಾಯಾಜಕನ ನಿಲುವಂಗಿಯ ಅಂಚಿನಲ್ಲಿ ದಾಳಿಂಬೆಯ ಆಕೃತಿಗಳಿದ್ದವು (ವಿಮೋಚನಕಾಂಡ 28:33). ಸೊಲೊಮೋನನ ದೇವಾಲಯದ ಕಂಬಗಳ ಜಾಲರಿಗಳಿಗೆ ನಾನೂರು ದಾಳಿಂಬೆಗಳನ್ನು ಅಳವಡಿಸಲಾಗಿತ್ತು (1 ಅರಸು 7:42). ಅವುಗಳನ್ನು ಎರಕ ಹೊಯ್ದ ಹೀರಾಮನ ತಾಯಿ ಇಸ್ರಾಯೇಲ್ಯಳು, ತಂದೆ ತೂರ್ ದೇಶದವನು. ಅನ್ಯದೇಶದ ಕೈಚಳಕ ದೇವರ ಆಲಯದೊಳಗೆ ಸಂಕೋಚವಿಲ್ಲದೆ ಪ್ರವೇಶಿಸಿತು. ಪರಮಗೀತೆಯಲ್ಲಂತೂ ವಧುವರರ ಪ್ರೀತಿಯ ವರ್ಣನೆಗೆ ದಾಳಿಂಬೆ, ದ್ರಾಕ್ಷೆ, ಖರ್ಜೂರಗಳೇ ಒದಗಿಬರುತ್ತವೆ.

ಆದರೆ ದಕ್ಷಿಣ ಭಾರತದ ಸಭೆಯಲ್ಲಿ ಫಲವು ವಿವಾದದ ವಸ್ತುವಾಯಿತು. 1704ರ ಜೂನ್ 23ರಂದು ಪೋಪರ ಪ್ರತಿನಿಧಿ ಶಾರ್ಲ್ ಮೈಯಾರ್ ದ ತೂರ್ನೋ ಪುದುಚೇರಿಯಿಂದ ಹದಿನಾರು ಅಂಶಗಳ ಆಜ್ಞೆಯೊಂದನ್ನು ಹೊರಡಿಸಿದನು. ಅದು ಮಧುರೆ ಮತ್ತು ಕರ್ನಾಟಿಕ್ ಮಿಷನ್‌ಗಳಿಗೆ ಮಾತ್ರವಲ್ಲ, ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ಲಿಯನಾರ್ಡೊ ಚಿನ್ನಮಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ್ದ ಮೈಸೂರು ಮಿಷನ್‌ಗೂ ಅನ್ವಯಿಸಿತು. ಮದುವೆಗೆ ಸಂಬಂಧಿಸಿದ ಅಂಶಗಳಲ್ಲಿ ಎರಡು ನಮ್ಮ ವಿಷಯಕ್ಕೆ ಮುಖ್ಯವಾದವು. ವಿಘ್ನೇಶ್ವರನ ಆಕೃತಿಯುಳ್ಳ ತಾಳಿ ಕೂಡದು. ಅದರ ಬದಲು ಶಿಲುಬೆಯ ಅಥವಾ ಮಾತೆ ಮರಿಯಳ ಗುರುತಿನ ತಾಳಿಯನ್ನು ಕಟ್ಟಬಹುದು. ಇನ್ನು ತೆಂಗಿನಕಾಯಿ ಒಡೆದು ಶುಭಾಶುಭ ಶಕುನ ನೋಡುವ ಪದ್ಧತಿಯನ್ನು ಪೂರ್ತಿಯಾಗಿ ಬಿಡಬೇಕು. ಆ ಫಲವನ್ನು ತಿನ್ನಲು ಬಯಸಿದರೆ ಮದುವೆಯ ಸಂಭ್ರಮದ ಹೊರಗೆ, ಮರೆಯಲ್ಲಿ, ತಿನ್ನಬಹುದು.

ಈ ಎರಡು ತೀರ್ಪುಗಳ ಅಂತರವನ್ನು ನಾವು ಗಮನಿಸಬೇಕು. ಆಜ್ಞೆಯು ತೆಂಗಿನಕಾಯಿಯನ್ನು ಅಶುದ್ಧವೆನ್ನಲಿಲ್ಲ. ಫಲವನ್ನೂ ಅದಕ್ಕೆ ಅಂಟಿದ ಶಕುನವನ್ನೂ ಬೇರ್ಪಡಿಸಿತು. ಸಂತೆಯಲ್ಲಿ ಮಾರುವುದನ್ನು ಸಂಶಯವಿಲ್ಲದೆ ತಿನ್ನಿರಿ, ಆದರೆ ಮತ್ತೊಬ್ಬರ ಮನಸ್ಸಾಕ್ಷಿಯನ್ನು ಲಕ್ಷಿಸಿರಿ ಎಂಬ ಪೌಲನ ವಿವೇಚನೆಗೆ (1 ಕೊರಿಂಥ 10) ಇದು ಹತ್ತಿರವಾದದ್ದೇ. ಆದರೆ ತಾಳಿಗೆ ದೊರೆತದ್ದು ತೆಂಗಿನಕಾಯಿಗೆ ದೊರೆಯಲಿಲ್ಲ. ತಾಳಿಗೆ ಹಳೆಯ ಅರ್ಥದ ಸ್ಥಾನದಲ್ಲಿ ಹೊಸ ಅರ್ಥ ಬಂತು. ಫಲವು ಅರ್ಥವನ್ನು ಕಳೆದುಕೊಂಡು ಮರೆಗೆ ಸರಿಯಿತು.

ಗೋವೆಯಲ್ಲಿ ಇದೇ ಧೋರಣೆ ಇನ್ನೂ ಕಠಿಣವಾಯಿತು. ಅಲ್ಲಿನ ಇನ್‌ಕ್ವಿಸಿಷನ್ 1736ರ ಶಾಸನದಲ್ಲಿ ಮದುವೆಯ ಸಂದರ್ಭದಲ್ಲಿ ಹೂ, ವೀಳ್ಯದೆಲೆ, ಅಡಿಕೆಗಳನ್ನು ಮನೆಯಿಂದ ಮನೆಗೆ ಕಳುಹಿಸುವುದನ್ನೂ ನಿಷೇಧಿಸಿತು. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟರು ತೂರ್ನೋವಿನ ಆಜ್ಞೆಯನ್ನು ಸ್ಥಿರಪಡಿಸಿದರು. ಮಿಷನರಿಗಳು ಅದನ್ನು ಪಾಲಿಸುವೆವೆಂದು ಮಾಡಬೇಕಾಗಿದ್ದ ಪ್ರಮಾಣವು 1940ರಲ್ಲಷ್ಟೇ ರದ್ದಾಯಿತು. ಇಷ್ಟಾದರೂ ಜನರ ಬದುಕಿನಿಂದ ಫಲ ದೂರವಾಗಲಿಲ್ಲ. ಗೋವೆಯಿಂದ ಬಂದು ನೆಲೆಸಿದವರ ವಂಶಜರಾದ ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ತೆಂಗಿನಹಾಲು ಹಚ್ಚುವ ರೋಸ್ ಇಂದಿಗೂ ನಡೆಯುತ್ತದೆ. ಅಲ್ಲಿ ತೆಂಗು ಶಕುನದ ವಸ್ತುವಲ್ಲ. ಹಿರಿಯರು ಹರಸುವ ಕೈಯ ದ್ರವ್ಯ.

1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ಸಂವಿಧಾನದಲ್ಲಿ ಮೂಢನಂಬಿಕೆಯೊಡನೆ ಬಿಡಿಸಲಾಗದಂತೆ ಬೆಸೆದುಕೊಂಡಿರದ ಜನಪದ್ಧತಿಗಳನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದಿತು. ಆಯಾ ನಾಡಿನ ರೂಢಿಗೆ ಹೊಂದುವ ವಿವಾಹವಿಧಿಯನ್ನು ರಚಿಸಿಕೊಳ್ಳಲೂ ಅವಕಾಶವಿತ್ತಿತು. ರೋಸ್‌ನ ಮನೆಗಳು ಬಹುಕಾಲದಿಂದ ಮಾಡುತ್ತ ಬಂದುದಕ್ಕೆ ಆಗ ಸಭೆಯ ಭಾಷೆಯಲ್ಲಿ ನೆಲೆ ದೊರಕಿತೆಂದು ನಾವು ಭಾವಿಸುತ್ತೇವೆ.

ಇಂದು ಗುರುಗಳ ಎದುರಿಗಿರುವ ಅಪಾಯ ಬಹುಶಃ ಬೇರೆಯದು. ಕಲ್ಯಾಣಮಂಟಪದಲ್ಲಿ ಕೆತ್ತಿದ ಕಲ್ಲಂಗಡಿಯ ಮುಂದೆ ಯಾರೂ ಶಕುನ ಕೇಳುವುದಿಲ್ಲ. ಅದು ಖರ್ಚಿನ ಅಳತೆಗೋಲಾಗಿ ನಿಲ್ಲುತ್ತದೆ, ಸಂಜೆ ತಿಪ್ಪೆ ಸೇರುತ್ತದೆ. ಅರ್ಥ ಕಳೆದುಕೊಂಡ ಫಲವು ಆಡಂಬರಕ್ಕೆ ಸುಲಭವಾಗಿ ಒದಗುತ್ತದೆ. ಬಾಳೆಗೊನೆ ಇರಲಿ ಎಂದೋ ಬೇಡ ಎಂದೋ ಹೇಳಿ ಮುಗಿಸಿದರೆ 1704ರ ಕೊರತೆಯೇ ಮರುಕಳಿಸುತ್ತದೆ. ಭೂಮಿಯ ಫಲ ದೇವರ ದಾನವೆಂದು ಆಶೀರ್ವಾದದ ಪ್ರಾರ್ಥನೆಯಲ್ಲಿ ಒಂದು ಮಾತು ಸೇರಲಿ. ಮದುವೆ ಮುಗಿದ ಬಳಿಕ ವಧುವರರೇ ಆ ಗೊನೆಗಳನ್ನು ಇಳಿಸಿ, ಊಟಕ್ಕೆ ಕರೆಯದೆ ಉಳಿದ ಮನೆಗಳಿಗೆ ಹಂಚಲಿ.