ಕಲೆ ಕಲಿಯಲು ಹೊರಟವರ ಬುತ್ತಿ



ಕಳೆದ ಮಳೆಗಾಲ ಮುಗಿಯುತ್ತಿದ್ದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಐವತ್ತರ ಹತ್ತಿರವಿರುವ ಗೃಹಸ್ಥನನ್ನು ಏಕವಚನದಲ್ಲಿ ಬರೆಯುವುದು ತರವಲ್ಲವೆಂದು ಬಲ್ಲೆ; ಆದರೆ ಮೇಷ್ಟರ ಲೇಖನಿಗೆ ಅಂಟಿದ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಜೊತೆಯಲ್ಲಿ ಹನ್ನೆರಡು ವರ್ಷದ ಮಗಳು. ಅವಳ ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆಗಳು. ಕಾಫಿ ಕುಡಿದ ಮೇಲೆ ಅವನು ಸಂಕೋಚದಿಂದ ಕೇಳಿದ: "ಮೇಷ್ಟ್ರೇ, ಇವಳು ಚಿತ್ರ ಚೆನ್ನಾಗಿ ಬರೀತಾಳೆ. ಇಂಥದ್ದಕ್ಕೂ ಸ್ಕಾಲರ್‌ಶಿಪ್ ಅಂತ ಏನಾದ್ರೂ ಇರುತ್ತಾ?"

ಮೂವತ್ತೈದು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ಪಾಲಿಟೆಕ್ನಿಕ್, ಟಿ.ಸಿ.ಹೆಚ್., ಬಿ.ಎಸ್ಸಿ. ಎಂದು ನೂರಾರು ಮಕ್ಕಳಿಗೆ ದಾರಿ ಹೇಳಿದ್ದೇನೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಅದಕ್ಕೆ ಸಾಕ್ಷಿ. ಆದರೆ ಚಿತ್ರ ಬರೆಯುವ, ಹಾಡುವ, ವೇಷ ಕಟ್ಟುವ ಮಗುವಿಗೆ ಹೇಳಿದ್ದು ಒಂದೇ ಮಾತು: "ಅದೆಲ್ಲಾ ಇರಲಿ, ಮೊದಲು ಓದು." ಅವನ ಪ್ರಶ್ನೆಗೆ ಆ ದಿನ ನೆಟ್ಟಗೆ ಉತ್ತರಿಸಲು ನನ್ನಿಂದಾಗಲಿಲ್ಲ. ಆಮೇಲೆ ಕೆಲವು ವಾರ ಪುಸ್ತಕಗಳನ್ನು ತಿರುವಿ, ಒಬ್ಬಿಬ್ಬರನ್ನು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನು ಯಾರು, ಅವನ ಪ್ರಶ್ನೆ ನನ್ನನ್ನೇಕೆ ಇಷ್ಟು ಕಾಡಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕಥೆಯನ್ನು ನಮ್ಮ ಬೆಟ್ಟದಿಂದಲೇ ಆರಂಭಿಸಬಹುದು. ಹೆಬ್ಬೆಯ ಅಬ್ಬಿಗೆ ಹೋಗುವವರೆಲ್ಲ ಕೆಮ್ಮಣ್ಣುಗುಂಡಿಯನ್ನು ಹಾದೇ ಹೋಗುತ್ತಾರೆ. ಅದು ಕೃಷ್ಣರಾಜೇಂದ್ರ ಗಿರಿಧಾಮ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಯಲ್ಲಿ ವಿಶ್ರಮಿಸುತ್ತಿದ್ದ ಆ ತಾಣವನ್ನು 1932ರಲ್ಲಿ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಅಲ್ಲಿಯ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿದ್ದುದನ್ನು ನಾವೆಲ್ಲ ಶಾಲೆಯಲ್ಲಿ ಪಾಠವಾಗಿ ಓದಿದೆವು. ಅದೇ ಮಹಾರಾಜರು ಚಿತ್ರ ಬರೆಯುವ ತರುಣನೊಬ್ಬನನ್ನು ರಾಜ್ಯದ ಹೊರಗೆ ಕಳುಹಿಸಿ ಓದಿಸಿದ ಸಂಗತಿ ಮಾತ್ರ ನಮ್ಮ ಪಾಠದಲ್ಲಿರಲಿಲ್ಲ.

ಆ ತರುಣನೇ ಕೆ. ವೆಂಕಟಪ್ಪ. ಹುಟ್ಟಿದ್ದು 1886ರಲ್ಲಿ, ಮೈಸೂರಿನ ಅರಮನೆಯನ್ನೇ ನಂಬಿಕೊಂಡಿದ್ದ ಚಿತ್ರಗಾರರ ಮನೆತನದಲ್ಲಿ. ಮಹಾರಾಜರು ಇವರಿಗಿಂತ ಎರಡು ವರ್ಷವಷ್ಟೇ ಹಿರಿಯರು. 1909ರಲ್ಲಿ ವೆಂಕಟಪ್ಪನವರು ಅರಮನೆಯ ನೆರವಿನಿಂದ ಕಲ್ಕತ್ತೆಯ ಸರ್ಕಾರಿ ಕಲಾಶಾಲೆ ಸೇರಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ನಂದಲಾಲ್ ಬೋಸ್ ಅವರ ಸಹಪಾಠಿ. ಭಾಷೆ ಬೇರೆ, ಊಟ ಬೇರೆ, ಮೈಸೂರಿಗೆ ದಿನಗಟ್ಟಲೆ ರೈಲು ಪ್ರಯಾಣ. ಅಂಥ ಕಡೆ ಒಬ್ಬ ಚಿತ್ರಗಾರರ ಹುಡುಗ ಏಳು ವರ್ಷ ನಿಂತು ಕಲಿತನೆಂದರೆ, ತಿಂಗಳು ತಿಂಗಳಿಗೆ ತಪ್ಪದೆ ಬರುವ ಹಣಕ್ಕೆ ಎಂಥ ಬೆಲೆಯಿದೆಯೆಂದು ಊಹಿಸಬಹುದು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಇಂಗ್ಲಿಷ್ ಗ್ರಂಥ 1913ರಲ್ಲಿ ಪ್ರಕಟವಾದಾಗ, ಅದರ ಚಿತ್ರಗಳಲ್ಲಿ ಕೆಲವು ವೆಂಕಟಪ್ಪನವರವು. ಅವರಿನ್ನೂ ವಿದ್ಯಾರ್ಥಿಯಾಗಿದ್ದಾಗಲೇ!

1916ರಲ್ಲಿ ಅವರು ಮೈಸೂರಿಗೆ ಮರಳಿದರು. ಉದಕಮಂಡಲ ಮತ್ತು ಕೊಡೈಕೆನಾಲ್‌ನ ಮಂಜು ಮುಸುಕಿದ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಸಾಲದೆಂಬಂತೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. (ನಮ್ಮ ಮುಳ್ಳಯ್ಯನಗಿರಿಯ ಮಂಜನ್ನೂ ಅವರು ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನ್ನ ಸ್ವಾರ್ಥಕ್ಕೆ ಅನ್ನಿಸುವುದುಂಟು.) 1940ರ ಆಗಸ್ಟಿನಲ್ಲಿ ಮಹಾರಾಜರು ತೀರಿಕೊಂಡರು. ಅದರೊಂದಿಗೆ ವೆಂಕಟಪ್ಪನವರ ಅರಮನೆಯ ಬದುಕೂ ಮುಗಿಯಿತು. ಬೆಂಗಳೂರಿಗೆ ಬಂದು ಅವಿವಾಹಿತರಾಗಿ, ಬಹಳ ಮಿತವಾಗಿ ಬಾಳಿ 1965ರಲ್ಲಿ ನಿಧನರಾದರು. ಅವರ ಹೆಸರಿನ ಚಿತ್ರಶಾಲೆ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿದೆ.

ಈ ಕಥೆಯಲ್ಲಿ ಗಮನಿಸಬೇಕಾದದ್ದೊಂದಿದೆ. ಮಹಾರಾಜರು ಕೊಟ್ಟರು, ನಿಜ. ಆದರೆ ಅವರು ಕೊಟ್ಟದ್ದು ತಮ್ಮ ಕಣ್ಣಿಗೆ ಬಿದ್ದವನಿಗೆ. ವೆಂಕಟಪ್ಪನವರ ಮನೆ ಅರಮನೆಯ ನೆರಳಲ್ಲೇ ಇತ್ತು. ಅದೇ ಕಾಲದಲ್ಲಿ ಹೆಬ್ಬೆಯ ಕಾಡಂಚಿನಲ್ಲಿ ಅಂಥದೇ ಕೈಯುಳ್ಳ ಹುಡುಗನೊಬ್ಬ ಇದ್ದಿರಬಹುದು; ಅವನನ್ನು ಯಾರು ನೋಡಬೇಕಿತ್ತು?

ಅರ್ಜಿಯೂ ಇಲ್ಲದೆ, ರಾಜಾಶ್ರಯವೂ ಇಲ್ಲದೆ ನಡೆದ ಇನ್ನೊಂದು ಏರ್ಪಾಡು ಉತ್ತರ ಕರ್ನಾಟಕದ್ದು. ಹಾನಗಲ್ಲ ಕುಮಾರಸ್ವಾಮಿಗಳ ಕೃಪೆಯಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು ಅಂಧ ಮತ್ತು ಬಡ ಮಕ್ಕಳಿಗೆ ಅನ್ನ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಬೆಳೆದದ್ದು ಹಾಗೆ. ಬಸವರಾಜ ರಾಜಗುರುಗಳಂಥ ಗಾಯಕರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. 1944ರಲ್ಲಿ ಗುರುಗಳು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾರ್ಯವನ್ನು ನಡೆಸಿದರು. ಇದನ್ನು ಫೆಲೋಶಿಪ್ ಎಂದು ಯಾರೂ ಕರೆಯಲಿಲ್ಲ. ಕಾಳು ಕಡ್ಡಿ, ಕಾಣಿಕೆ ಕೂಡಿಸಿ ನಡೆಸಿದ ದಾಸೋಹ ಅದು. ಆದರೆ ಫೆಲೋಶಿಪ್ಪಿನ ಕೆಲಸವನ್ನೇ ಅದು ಮಾಡಿತು: ಹೊಟ್ಟೆಯ ಚಿಂತೆಯನ್ನು ದೂರವಿರಿಸಿ, ಕಲಿಯಲು ಕಾಲ ಕೊಟ್ಟಿತು.

ಮೂರನೆಯದು ನಾಟಕ ಕಂಪನಿ. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರು ಚಿಕ್ಕಂದಿನಲ್ಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ ಕಥೆ ನಿಮಗೆ ತಿಳಿದಿರಬಹುದು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮುಂದಿನ ಘಟನೆ. ಕಂಪನಿಯ ಮಾಲೀಕರಾದ ಗುಬ್ಬಿ ವೀರಣ್ಣನವರು ಈ ಹುಡುಗನನ್ನು ಎಂ.ಎ. ಓದಲು ಬನಾರಸ್ಸಿಗೆ ಕಳುಹಿಸಿದರು. ಅಲ್ಲಿ ಓದಿನ ಜೊತೆಗೆ ಪಂಡಿತ ಓಂಕಾರನಾಥ ಠಾಕೂರರಲ್ಲಿ ಸಂಗೀತವೂ ಆಯಿತು. ತಮ್ಮಲ್ಲೇ ದುಡಿಸಿಕೊಳ್ಳಬಹುದಾಗಿದ್ದ ನಟನನ್ನು ಓದಲು ಬಿಟ್ಟುಕೊಡುವುದು ವ್ಯಾಪಾರದ ಲೆಕ್ಕಕ್ಕೆ ನಷ್ಟವೇ! ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಿಂದ 1962ರಲ್ಲಿ ತೇರ್ಗಡೆಯಾಗಿ, 1977ರಲ್ಲಿ ಅದೇ ಶಾಲೆಯ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ವೀರಣ್ಣನವರ ನಷ್ಟದಿಂದ ಕನ್ನಡ ರಂಗಭೂಮಿಗಾದ ಲಾಭ ಇದು.

ಸ್ವಾತಂತ್ರ್ಯದ ನಂತರ ಕೊಡುವ ಕೈ ಬದಲಾಯಿತು. ಅರಸರ ಜಾಗದಲ್ಲಿ ಇಲಾಖೆ ಬಂತು, ಕಣ್ಣಿನ ಜಾಗದಲ್ಲಿ ನಿಯಮ ಬಂತು. ನಿಯಮವೇ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅರಮನೆಯ ನೆರಳಿನಲ್ಲಿ ಹುಟ್ಟದವನೂ ನಿಯಮದ ಮುಂದೆ ಕೈಚಾಚಬಹುದು. ಆದರೆ ನಿಯಮಕ್ಕೆ ತಾನಾಗಿ ನೋಡಲು ಬಾರದು. ಯಾರಾದರೂ ಮಗುವಿನ ಕೈ ಹಿಡಿದು ಅದರ ಮುಂದೆ ನಿಲ್ಲಿಸಬೇಕು. ಅದನ್ನು ಮಾಡಬೇಕಾಗಿದ್ದವರು ನನ್ನಂಥ ಶಾಲಾ ಶಿಕ್ಷಕರು.

ಈಗ ಆ ನನ್ನ ವಿದ್ಯಾರ್ಥಿಯ ಮಾತಿಗೆ ಬರುತ್ತೇನೆ. 1989ರಲ್ಲಿ ಅವನು ಎಂಟನೆಯ ತರಗತಿಯಲ್ಲಿದ್ದ. ಹೆಬ್ಬೆಯ ಕೆಳಗಿನ ಕಾಫಿ ತೋಟವೊಂದರ ಲೈನ್ ಮನೆಯ ಹುಡುಗ. ಬಣ್ಣ ಕೊಳ್ಳಲು ದುಡ್ಡಿಲ್ಲದೆ ಕೆಮ್ಮಣ್ಣನ್ನು ನೀರಿನಲ್ಲಿ ಕಲಸಿ, ಕಾಫಿ ಚರಟದ ಕಂದು ಬೆರೆಸಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತಿದ್ದ. ಅವನು ಬರೆದ ಅಬ್ಬಿಯ ಚಿತ್ರ ನಮ್ಮ ಸ್ಟಾಫ್ ರೂಮಿನ ಗೋಡೆಯಲ್ಲಿ ಬಹಳ ಕಾಲ ಇತ್ತು. ನೀರನ್ನು ಅವನು ಬರೆದೇ ಇರಲಿಲ್ಲ. ಸುತ್ತಲಿನ ಬಂಡೆಗಳನ್ನು ಬರೆದು ನೀರಿನ ಜಾಗವನ್ನು ಖಾಲಿ ಬಿಟ್ಟಿದ್ದ.

ಆ ವರ್ಷ ಶಾಲೆಗೊಂದು ಸುತ್ತೋಲೆ ಬಂತು. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿ.ಸಿ.ಆರ್.ಟಿ., 1979ರಲ್ಲಿ ಸ್ಥಾಪಿತವಾದ ಕೇಂದ್ರ ಸರ್ಕಾರದ ಸಂಸ್ಥೆ. 10ರಿಂದ 14 ವರ್ಷದ ಪ್ರತಿಭಾವಂತ ಮಕ್ಕಳಿಗೆ 1982ರಿಂದ ವಿದ್ಯಾರ್ಥಿವೇತನ ಕೊಡುತ್ತಾ ಬಂದಿದೆ. ಸಂಗೀತ, ನೃತ್ಯ, ನಾಟಕ, ಚಿತ್ರ, ಶಿಲ್ಪ, ಕರಕುಶಲ ಎಲ್ಲಕ್ಕೂ ಅದರಲ್ಲಿ ಸ್ಥಾನವುಂಟು. ಸುತ್ತೋಲೆ ನನ್ನ ಮೇಜಿಗೆ ತಲುಪಿದಾಗ ಕೊನೆಯ ದಿನಾಂಕಕ್ಕೆ ಹನ್ನೊಂದು ದಿನ ಉಳಿದಿತ್ತು. ಅರ್ಜಿ ಇಂಗ್ಲಿಷಿನಲ್ಲಿತ್ತು. ‘ಗುರುವಿನ ಹೆಸರು’ ಎಂಬ ಜಾಗದಲ್ಲಿ ಏನು ಬರೆಯಬೇಕೆಂದು ತೋಚಲಿಲ್ಲ; ನಮ್ಮ ಶಾಲೆಗೆ ಡ್ರಾಯಿಂಗ್ ಮೇಷ್ಟರೇ ಇರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳು ರಾಶಿ ಬಿದ್ದಿದ್ದವು. "ಬರುವ ವರ್ಷ ಹಾಕೋಣ ಬಿಡಪ್ಪಾ" ಎಂದೆ. ಅವನು "ಆಗಲಿ ಸಾರ್" ಎಂದ. ಬರುವ ವರ್ಷದ ಹೊತ್ತಿಗೆ ಅವನಿಗೆ ಹದಿನಾಲ್ಕು ದಾಟಿತ್ತು.

ಬರಹದಲ್ಲಿ ಇದನ್ನು ಒಪ್ಪಿಕೊಳ್ಳುತ್ತಿರುವುದು ಇದೇ ಮೊದಲು. ತರೀಕೆರೆಗೆ ಹೋಗಿ ಒಬ್ಬ ಬೋರ್ಡು ಬರೆಯುವ ಕಲಾವಿದರನ್ನು ಹಿಡಿದು "ಇವನಿಗೆ ಗುರುವಾಗಿ ಒಂದು ಸಹಿ ಹಾಕಿ, ಭಾನುವಾರ ಒಂದು ಗಂಟೆ ಹೇಳಿಕೊಡಿ" ಎಂದಿದ್ದರೆ ಅವರು ಇಲ್ಲವೆನ್ನುತ್ತಿರಲಿಲ್ಲ. ಹುಡುಗ ಎಸ್.ಎಸ್.ಎಲ್.ಸಿ. ಮುಗಿಸಿ ತಾನೇ ಬೋರ್ಡು ಬರೆಯುವವನಾದ. ಲಾರಿಗಳ ಹಿಂಬದಿ, ಅಂಗಡಿಗಳ ಹೆಸರು, ಜಾತ್ರೆಯ ನಾಟಕದ ಪರದೆ. ಫ್ಲೆಕ್ಸ್ ಬಂದ ಮೇಲೆ ಅದೂ ಹೋಯಿತು. ಈಗ ಮನೆಗಳಿಗೆ ಸುಣ್ಣ ಬಣ್ಣ ಹೊಡೆಯುತ್ತಾನೆ. ಆ ಸುತ್ತೋಲೆಯ ನೆನಪು ಅವನಿಗಿಲ್ಲ. ಇದ್ದರೂ ನನ್ನೆದುರು ಆಡಲಿಲ್ಲ.

ಮಗಳ ವಿಷಯಕ್ಕೆ ತಿಳಿದುಕೊಂಡದ್ದನ್ನು ಬರೆದುಬಿಡುತ್ತೇನೆ. ನಿಮ್ಮ ಮನೆಯ ಮಕ್ಕಳಿಗೂ ಬೇಕಾದೀತು. ಸಿ.ಸಿ.ಆರ್.ಟಿ.ಯ ವಿದ್ಯಾರ್ಥಿವೇತನ ದೊಡ್ಡ ಮೊತ್ತವಲ್ಲ: ವರ್ಷಕ್ಕೆ 3,600 ರೂಪಾಯಿ, ಜೊತೆಗೆ ಗುರುವಿಗೆ ಕೊಟ್ಟ ಶುಲ್ಕದಲ್ಲಿ 9,000 ರೂಪಾಯಿಯವರೆಗೆ ಮರುಪಾವತಿ ಎಂದು ಅದರ ನಿಯಮಗಳಲ್ಲಿ ಕಂಡೆ. ಆದರೆ ಒಮ್ಮೆ ಆಯ್ಕೆಯಾದರೆ ನವೀಕರಣವಾಗುತ್ತಾ ಇಪ್ಪತ್ತು ವರ್ಷದವರೆಗೂ ನಡೆಯಬಲ್ಲದು. ಪರಂಪರೆಯಿಂದ ಕಲಾವಿದರಾದ ಕುಟುಂಬಗಳ ಮಕ್ಕಳಿಗೆ ಒಂದು ಪಾಲು ಮೀಸಲಾಗಿದೆ. ಮುಂದೆ 18ರಿಂದ 25 ವರ್ಷದವರಿಗೆ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ ಇದೆ. ತಿಂಗಳಿಗೆ 5,000ದಂತೆ ಎರಡು ವರ್ಷ. ಇನ್ನೂ ಮುಂದಕ್ಕೆ ಹೋದವರಿಗೆ ಕಿರಿಯ ಫೆಲೋಶಿಪ್ 10,000, ಹಿರಿಯ ಫೆಲೋಶಿಪ್ 20,000.

ಹಣಕ್ಕಿಂತ ಕೈಕೆಲಸದ ಅನುಭವ ಬೇಕೆನ್ನುವವರಿಗೆ, ಈಗಿನವರು ಇಂಟರ್ನ್‌ಶಿಪ್ ಎನ್ನುವುದಕ್ಕೆ, ನಮ್ಮ ಸೀಮೆಗೆ ಸಮೀಪದಲ್ಲೇ ಎರಡು ಸ್ಥಳಗಳಿವೆ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು, 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ಕೇಂದ್ರದಲ್ಲಿ ಕಲಿತವರು ತಿರುಗಾಟದ ತಂಡ ಸೇರಿ ಊರೂರು ಸುತ್ತುತ್ತಾರೆ. ರಂಗ ಕಟ್ಟುವುದು, ದೀಪ ಹಚ್ಚುವುದು, ಪಾತ್ರ ಮಾಡುವುದು ಎಲ್ಲವೂ ಅದರಲ್ಲೇ ಬಂತು. ಇನ್ನೊಂದು ಅಜ್ಜಂಪುರದಿಂದ ದೂರವಲ್ಲದ, ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿ. ಅಲ್ಲಿಯ ‘ಶಿವಸಂಚಾರ’ 1997ರಿಂದ ತಿರುಗುತ್ತಿದೆ. 2008ರಲ್ಲಿ ರಂಗಪ್ರಯೋಗ ಶಾಲೆಯೂ ಆರಂಭವಾಯಿತು. ಒಬ್ಬ ಮಠಾಧೀಶರು ರಂಗಶಾಲೆ ನಡೆಸುವುದನ್ನು ಕಂಡಾಗ ನನಗೆ ಗದುಗಿನ ನೆನಪಾಗುತ್ತದೆ.

ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಸಂಸ್ಥೆಯಿದೆ. ಅದರ ‘ಕಲಿ-ಕಲಿಸು’ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೇ ಅನುದಾನ ದೊರೆಯುವ ಅವಕಾಶವಿದೆ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ಈಗ ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳು ಈ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ.

ಹುಡುಗಿಗೆ ಬರುವ ಬೇಸಿಗೆಗೆ ಹದಿಮೂರು ತುಂಬುತ್ತದೆ. ಒಂದೂವರೆ ವರ್ಷದೊಳಗೆ ಅರ್ಜಿ ಹೋಗಬೇಕು, ಗುರು ಸಿಗಬೇಕು. ನಿವೃತ್ತ ಚಿತ್ರಕಲಾ ಶಿಕ್ಷಕರೊಬ್ಬರು ಶನಿವಾರ ಮಧ್ಯಾಹ್ನ ಹೇಳಿಕೊಡಲು ಒಪ್ಪಿದ್ದಾರೆ. ಬಸ್ಸಿನ ಹೊತ್ತು ಹೊಂದದ ದಿನ ಕರೆದೊಯ್ಯುವ ಹೊಣೆ ನನ್ನದೆಂದು ಅವಳ ತಂದೆಗೆ ಹೇಳಿದ್ದೇನೆ. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಒಂದಕ್ಷರ ತಪ್ಪಿದೆ. ಅದನ್ನು ತಿದ್ದಿಸಲು ಸೋಮವಾರ ಅವನೂ ನಾನೂ ತರೀಕೆರೆಗೆ ಹೋಗುವವರಿದ್ದೇವೆ.