ಕ್ಯಾರಿಂಗ್ಟನ್, ಲಿಯೊನೋರಾ (1917–2011)

ಇಂಗ್ಲೆಂಡಿನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆ ನಿಂತ ಸರ್ರಿಯಲಿಸ್ಟ್ ಚಿತ್ರಕಾರ್ತಿ, ಕತೆಗಾರ್ತಿ. ಹಳೆಯ ಕಲಾಚರಿತ್ರೆಗಳು ಇವರನ್ನು ಬಹುಮಟ್ಟಿಗೆ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್‌ನ ಸಂಗಾತಿಯೆಂದಷ್ಟೇ ನೆನೆಯುತ್ತವೆ. ಇದು ಅನ್ಯಾಯ. 1937ರಲ್ಲಿ ಮೊದಲಾದ ಆ ಒಡನಾಟ ಯುದ್ಧದ ಗಲಿಬಿಲಿಯಲ್ಲಿ 1940ಕ್ಕೇ ಮುರಿಯಿತು. ಮೆಕ್ಸಿಕೊದ ಬದುಕು ಸುಮಾರು ಏಳು ದಶಕಗಳದು.

ತಂದೆ ಲ್ಯಾಂಕಷೈರ್‌ನ ಜವಳಿ ಗಿರಣಿಯ ಒಡೆಯರು. ಹದಿಹರೆಯದಲ್ಲಿ ಓದಲೆಂದು ಫ್ಲಾರೆನ್ಸ್‌ಗೆ ಹೋದ ಲಿಯೊನೋರಾ ಅಲ್ಲಿ ಇಟಲಿಯ ಹಳೆಯ ಧಾರ್ಮಿಕ ಚಿತ್ರಗಳನ್ನು ಕಂಡರು. ಮುಂದೆ ಲಂಡನ್, ಪ್ಯಾರಿಸ್, ಸ್ಪೇನಿನ ಸಾಂತಾಂದೇರ್‌ನ ಮಾನಸಿಕ ಆಸ್ಪತ್ರೆಯ ನರಕ, ಲಿಸ್ಬನ್, ನ್ಯೂಯಾರ್ಕ್. ಮೆಕ್ಸಿಕೊ ತಲುಪಿದ ವರ್ಷ 1942 ಎಂದು ಕೆಲವರು, 1943 ಎಂದು ಕೆಲವರು ಬರೆದಿದ್ದಾರೆ. 1946ರಲ್ಲಿ ಹಂಗೇರಿಯ ಛಾಯಾಗ್ರಾಹಕ ಚೀಕಿ ವೈಸ್‌ರನ್ನು ಮದುವೆಯಾದರು.

1940ರ ದಶಕದಲ್ಲಿ ಇವರು ಮೊಟ್ಟೆಯ ಹಳದಿಯಲ್ಲಿ ಬಣ್ಣದ ಪುಡಿ ಕಲಸಿ ಬರೆಯುವ ಟೆಂಪೆರಾವನ್ನು ಕೈಗೆತ್ತಿಕೊಂಡರು. ಅದೂ ಆ ಹಳೆಯ ಇಟಲಿಯ ವಿದ್ಯೆಯೇ.

ಆ ಹಳೆಯ ಚಿತ್ರಗಳ ಇನ್ನೊಂದು ವಿದ್ಯೆಯಾದ ಚಿನ್ನದ ರೇಕಿನ ಕೆಲಸ ಇವರಲ್ಲಿ ಎದ್ದು ಕಾಣುವುದು ಟ್ಯಾರೋ ಎಲೆಗಳಲ್ಲಿ. ಭವಿಷ್ಯ ನೋಡಲು ಬಳಸುವ ಈ ಎಲೆಗಳಲ್ಲಿ ಮುಖ್ಯವಾದ 22ನ್ನು ಇವರು ಅಂದಾಜು 1955ರಲ್ಲಿ ದಪ್ಪ ಹಲಗೆಯ ಮೇಲೆ ಚಿತ್ರಿಸಿದರು. ಸಾಮಾನ್ಯ ಎಲೆಯಂತೆ ಉದ್ದವಾಗಿರದೆ ಇವು ಹೆಚ್ಚುಕಡಿಮೆ ಚೌಕಾಕಾರ. ಗಾಢ ಬಣ್ಣಗಳ ಜೊತೆ ಚಿನ್ನದ, ಬೆಳ್ಳಿಯ ರೇಕು ಅಂಟಿಸಲಾಗಿದೆ. ರೇಕಿನ ಹೊಳಪು ಬೆಳಕು ಬೀಳುವ ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ, ಕೈಯಲ್ಲಿ ಹಿಡಿದು ಓರೆ ಮಾಡಿದರೆ ಬಣ್ಣದ ಆಕೃತಿಗಳು ಒಮ್ಮೆ ಮುಂದೆ ಬರುತ್ತವೆ, ಒಮ್ಮೆ ಮಬ್ಬಾಗುತ್ತವೆ. ಟ್ಯಾರೋಗೆ ಚಿನ್ನ ಹೊದಿಸುವುದು ಹೊಸದೇನಲ್ಲ: 15ನೇ ಶತಮಾನದ ಮಿಲಾನ್‌ನ ವಿಸ್ಕೊಂತಿ ಮತ್ತು ಸ್ಫೋರ್ಜಾ ಮನೆತನಗಳ ಎಲೆಗಳಲ್ಲೂ ಚಿನ್ನದ ಹಿನ್ನೆಲೆಯಿದೆ. ಫ್ಲಾರೆನ್ಸ್‌ನ ಕಲಿಕೆಯನ್ನು ಬರಿಯ ಹದಿಹರೆಯದ ಪ್ರಸಂಗವೆಂದು ಬದಿಗಿಡಲಾಗದು ಎಂಬುದಕ್ಕೆ ಈ ಎಲೆಗಳಿಗಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಖಾಸಗಿ ಸಂಗ್ರಹದಲ್ಲಿದ್ದ ಇವು ಕಲಾವಿದೆ ತೀರಿಕೊಂಡ ಏಳು ವರ್ಷಗಳ ಬಳಿಕ, 2018ರಲ್ಲಿ, ಮೆಕ್ಸಿಕೊ ನಗರದ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿ ಬೆಳಕಿಗೆ ಬಂದವು. ಸೂಸನ್ ಅಬರ್ತ್ ಮತ್ತು ತೆರೆ ಆರ್ಕ್ ಅವುಗಳ ಅಧ್ಯಯನವನ್ನು 2020ರಲ್ಲಿ ಪುಸ್ತಕವಾಗಿ ತಂದರು. 2018ಕ್ಕೂ ಹಿಂದಿನ ಜೀವನಚಿತ್ರಗಳನ್ನು ಓದುವವರು, ಆಗ ಈ ಎಲೆಗಳು ಬೆಳಕಿಗೆ ಬಂದಿರಲಿಲ್ಲ ಎಂಬುದನ್ನು ಗಮನದಲ್ಲಿಡಬೇಕು.

2022ರ ವೆನಿಸ್ ಬಿಯೆನಾಲೆ ಕಲಾಪ್ರದರ್ಶನ ಇವರ ಮಕ್ಕಳ ಪುಸ್ತಕದ ಹೆಸರನ್ನೇ ಇಟ್ಟುಕೊಂಡಿತು. 1945ರ ಟೆಂಪೆರಾ ಚಿತ್ರ ‘ದಾಗೊಬೆರ್‌ನ ವಿನೋದಗಳು’ 2024ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 2.85 ಕೋಟಿ ಡಾಲರಿಗೆ ಮಾರಾಟವಾಯಿತು. ಕೊಂಡವರು ಬ್ವೇನಸ್ ಐರಿಸ್‌ನ ಮಾಲ್ಬಾ ಸಂಗ್ರಹಾಲಯದ ಸ್ಥಾಪಕರು.