ಬಾಹ್ಯಾಕಾಶ ವೈದ್ಯವಿಜ್ಞಾನ

ತೂಕವೇ ಇಲ್ಲದ ಕಡೆ ಗಂಟಲಲ್ಲಿ ತುತ್ತು ಇಳಿದೀತೇ? 1961ರ ಏಪ್ರಿಲ್ 12ರಂದು ಯೂರಿ ಗಗಾರಿನ್ 108 ನಿಮಿಷಗಳ ಯಾನಕ್ಕೆ ಹೊರಟಾಗ ವೈದ್ಯರನ್ನು ಕಾಡಿದ್ದ ಅನುಮಾನಗಳಲ್ಲಿ ಇದೂ ಒಂದು. ತುತ್ತು ಸಲೀಸಾಗಿಯೇ ಇಳಿಯಿತು. ಆದರೆ ಅದೇ ಆಗಸ್ಟ್‌ನಲ್ಲಿ ಇಡೀ ಒಂದು ದಿನ ಕಕ್ಷೆಯಲ್ಲಿ ಸುತ್ತಿದ ಗೆರ್ಮನ್ ತಿತೋವ್‌ಗೆ ತಲೆಸುತ್ತು ಬಂದು ವಾಂತಿಯಾಯಿತು. ಕಣ್ಣು ಹೇಳುವುದೊಂದು, ಒಳಕಿವಿ ಹೇಳುವುದಿನ್ನೊಂದು ಆದಾಗ ಬರುವ ಕಾಯಿಲೆಯಿದು.

ನಿಜವಾದ ಪಾಠ ಸಿಕ್ಕಿದ್ದು 1970ರ ಜೂನ್‌ನಲ್ಲಿ. ಸೋಯುಜ್ 9 ನೌಕೆಯಲ್ಲಿ ಸುಮಾರು 18 ದಿನ ಕಳೆದು ಮರಳಿದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ತಮ್ಮ ಕಾಲ ಮೇಲೆ ತಾವು ನಿಲ್ಲಲಾರದಾಗಿದ್ದರು. ಭೂಮಿಯ ಮೇಲೆ ಸುಮ್ಮನೆ ನಿಂತಿರುವುದೂ ಮೈಗೊಂದು ದುಡಿಮೆಯೇ. ಭಾರ ಹೊರುವ ಕೆಲಸ ತಪ್ಪಿದರೆ ಸ್ನಾಯು ಸೊರಗುತ್ತದೆ. ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಸವೆಯುತ್ತದೆ. ಕಾಲಿನ ರಕ್ತ ತಲೆಯ ಕಡೆಗೆ ಏರುತ್ತದೆ, ನೀರು ಹೆಚ್ಚಾಯಿತೆಂದು ಬಗೆದ ದೇಹ ಅದನ್ನು ಹೊರಹಾಕುತ್ತದೆ. ಹಾಗಾಗಿ ನೆಲಕ್ಕಿಳಿದು ಎದ್ದು ನಿಂತೊಡನೆ ಕಣ್ಣು ಕತ್ತಲಿಡುತ್ತದೆ.

ಮರುವರ್ಷ ನಡೆದದ್ದು ದುರಂತ. 1971ರ ಜೂನ್ 30ರಂದು ಸೋಯುಜ್ 11 ಕಜಕಸ್ತಾನದಲ್ಲಿ ಪ್ಯಾರಾಚೂಟಿನಿಂದ ಮೆತ್ತಗೆ ಇಳಿಯಿತು. ಬಾಗಿಲು ತೆರೆದವರಿಗೆ ಕಂಡದ್ದು ತಮ್ಮ ಆಸನಗಳಲ್ಲೇ ಉಸಿರು ನಿಂತಿದ್ದ ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್. ನೌಕೆಯ ಭಾಗಗಳು ಬೇರ್ಪಡುವಾಗ ಕವಾಟವೊಂದು ತೆರೆದುಕೊಂಡು ಗಾಳಿ ಸೋರಿಹೋಗಿತ್ತು. ಮೂವರನ್ನು ಕೂರಿಸಲೆಂದು ಒತ್ತಡದ ಉಡುಪು ಕೈಬಿಡಲಾಗಿತ್ತು. ಆಮೇಲೆ ಸೋಯುಜ್‌ನಲ್ಲಿ ಸೊಕೊಲ್ ಎಂಬ ಒತ್ತಡದ ಉಡುಪು ಕಡ್ಡಾಯವಾಯಿತು. ಅದಕ್ಕೆ ಜಾಗ ಬೇಕಾದ್ದರಿಂದ ಬಹುಕಾಲ ಇಬ್ಬರೇ ಹೋಗಿಬಂದರು. ಆ ಮೂವರ ಸಾವಿನ ಋಣ ನಂತರದ ಪ್ರತಿ ಯಾತ್ರಿಯ ಮೇಲಿದೆ.

ಸ್ನಾಯು, ಮೂಳೆ ಸೊರಗದಂತೆ ನಡಿಗೆಪಟ್ಟಿ (ಟ್ರೆಡ್‌ಮಿಲ್), ಎಲಾಸ್ಟಿಕ್ ಎಳೆತದ ಉಡುಪು, ದಿನಕ್ಕೆ ಎರಡು ಗಂಟೆಯ ಕಸರತ್ತು: ಇವೆಲ್ಲ ಕ್ರಮೇಣ ರೂಢಿಗೆ ಬಂದವು. ಸ್ವತಃ ವೈದ್ಯರಾಗಿದ್ದ ವಲೆರಿ ಪೊಲ್ಯಾಕೊವ್ ಮೀರ್ ನಿಲ್ದಾಣದಲ್ಲಿ ಒಂದೇ ಬಾರಿಗೆ 437 ದಿನ ಕಳೆದು, 1995ರ ಮಾರ್ಚ್‌ನಲ್ಲಿ ಇಳಿದಾಗ ಹತ್ತಿರದ ಕುರ್ಚಿಗೆ ನಡೆದೇ ಹೋದರು. ಮಂಗಳ ಗ್ರಹದ ಯಾನದಷ್ಟು ದೀರ್ಘ ಪಯಣವನ್ನು ಮೈ ತಡೆಯಬಲ್ಲದೆಂದು ತೋರಿಸುವುದೇ ಅವರ ಹಟವಾಗಿತ್ತು.

ಈ ಚರಿತ್ರೆಯಲ್ಲಿ ಕರ್ನಾಟಕದ ಪಾಲೂ ಇದೆ. 1984ರಲ್ಲಿ ಗಗನಯಾತ್ರಿ ರಾಕೇಶ್ ಶರ್ಮಾ ಸಲ್ಯೂತ್ 7 ನಿಲ್ದಾಣಕ್ಕೆ ಒಯ್ದ ಭಾರತೀಯ ತಿನಿಸುಗಳು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದವು. ನಿಲ್ದಾಣದಲ್ಲಿ ಶರ್ಮಾ ಯೋಗಾಸನಗಳನ್ನೂ ಪರೀಕ್ಷಿಸಿದರು. ಭಾರತದ ಗಗನಯಾನ ಯೋಜನೆಯ ಯಾತ್ರಿಗಳ ದೇಹಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ.

ಹೊಸ ಕಾಯಿಲೆಗಳು ಈಗಲೂ ಎದುರಾಗುತ್ತಿವೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಯಾತ್ರಿಯೊಬ್ಬರ ಕತ್ತಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಅಲ್ಟ್ರಾಸೌಂಡ್ ಸಂಶೋಧನೆಯ ನಡುವೆ ಆಕಸ್ಮಿಕವಾಗಿ ಕಂಡಿತೆಂದು 2020ರಲ್ಲಿ ವರದಿಯಾಯಿತು. ಅಲ್ಲಿದ್ದ ಚುಚ್ಚುಮದ್ದು ಸ್ವಲ್ಪವೇ. ನೆಲದ ಮೇಲಿನ ವೈದ್ಯರು ಅದನ್ನು ಅಳೆದು ಅಳೆದು ಕೊಡಿಸುತ್ತ, ಸರಕು ನೌಕೆ ಮಾತ್ರೆ ಹೊತ್ತು ತರುವವರೆಗೂ ಕಾಲ ತಳ್ಳಿದರು. ಯಾತ್ರಿ ಕ್ಷೇಮವಾಗಿ ಮರಳಿದರು.